ಯಂತ್ರದ ಸಲಹೆ, ಎದುರಾಳಿಯ ಒಪ್ಪಿಗೆ

1999ರಲ್ಲಿ ಸ್ಪೇನಿನ ಲಿಯೋನ್ ನಗರದಲ್ಲಿ ವಿಶ್ವನಾಥನ್ ಆನಂದ್ ಮತ್ತು ಅನತೋಲಿ ಕಾರ್ಪೋವ್ ಚೆಸ್ ಹಲಗೆಯ ಎದುರು ಬದುರು ಕುಳಿತಾಗ ಇಬ್ಬರ ಪಕ್ಕದಲ್ಲೂ ಒಂದೊಂದು ಕಂಪ್ಯೂಟರ್ ಇತ್ತು. ಆಟ ನಡೆಯುತ್ತಿರುವಾಗಲೇ ಅದರತ್ತ ತಿರುಗಿ ‘ಕುದುರೆ ಇಲ್ಲಿಗೆ ಹಾರಿದರೆ ಏನಾಗುತ್ತದೆ’ ಎಂದು ಕೇಳಬಹುದಿತ್ತು, ಉತ್ತರ ನೋಡಿಕೊಂಡು ನಡೆಯಬಹುದಿತ್ತು. ಆನಂದ್ 5–1ರಿಂದ ಗೆದ್ದರು. ಕಂಪ್ಯೂಟರ್ ನೋಡಿ ಆಡಿದರೆಂದು ಯಾರೂ ಬೆರಳು ತೋರಿಸಲಿಲ್ಲ. ಅದರ ಹಿಂದಿನ ವರ್ಷ ಅದೇ ಊರಿನಲ್ಲಿ ಗ್ಯಾರಿ ಕ್ಯಾಸ್ಪರೋವ್ ಆರಂಭಿಸಿದ ‘ಅಡ್ವಾನ್ಸ್ಡ್ ಚೆಸ್’ ಎಂಬ ಹೊಸ ಬಗೆಯ ಆಟದ ನಿಯಮವೇ ಅದಾಗಿತ್ತು. ಕಂಪ್ಯೂಟರ್ ಇಲ್ಲದೆ ಆಡಿದ ರ‍್ಯಾಪಿಡ್ ಪಂದ್ಯದಲ್ಲಿ ವೆಸೆಲಿನ್ ಟೊಪಲೋವ್ ಅವರನ್ನು 4–0ರಿಂದ ಮಣಿಸಿದ್ದ ಕ್ಯಾಸ್ಪರೋವ್, ಕೆಲವೇ ವಾರಗಳ ನಂತರ ಲಿಯೋನ್‌ನಲ್ಲಿ ಯಂತ್ರ ಜೊತೆಗಿಟ್ಟುಕೊಂಡು ಅದೇ ಟೊಪಲೋವ್ ಎದುರು 3–3ರ ಸಮಬಲಕ್ಕೆ ತೃಪ್ತಿಪಡಬೇಕಾಯಿತು.

2021ರ ಜೂನ್‌ನಲ್ಲಿ ಆನಂದ್ ಮತ್ತೊಂದು ಬಗೆಯ ಪಂದ್ಯ ಆಡಿದರು. ಕೋವಿಡ್ ಸಂಕಷ್ಟಕ್ಕೆ ನೆರವು ಸಂಗ್ರಹಿಸಲು ಬೆಂಗಳೂರಿನ ಅಕ್ಷಯ ಪಾತ್ರ ಪ್ರತಿಷ್ಠಾನಕ್ಕಾಗಿ ನಡೆದ ಆನ್‌ಲೈನ್ ಪ್ರದರ್ಶನ ಪಂದ್ಯಗಳವು. ನಟ ಸುದೀಪ್, ಆಮಿರ್ ಖಾನ್ ಮೊದಲಾದ ಹೆಸರಾಂತರು ಐದು ಬಾರಿಯ ವಿಶ್ವ ಚಾಂಪಿಯನ್ ಎದುರು ಆಡಿ ಸೋತರು. ಗೆದ್ದವರು ಒಬ್ಬರೇ, ಬೆಂಗಳೂರಿನ ಜೆರೋಧಾ ಸಂಸ್ಥೆಯ ಸಹಸಂಸ್ಥಾಪಕ ನಿಖಿಲ್ ಕಾಮತ್. ಪಂದ್ಯ ನೋಡುತ್ತಿದ್ದವರಿಗೆ ಕೂಡಲೇ ಅನುಮಾನ ಬಂತು. ಆಟವನ್ನು ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರಿನ ನೆರವು ಪಡೆದದ್ದಾಗಿ ಕಾಮತ್ ಮರುದಿನವೇ ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ಹಲಗೆಯ ಮೇಲಿನ ಸ್ಥಿತಿಯನ್ನು ನೋಡಿ ತಾವು ಆಡಿದ್ದಾಗಿಯೂ ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿಯೂ ಆನಂದ್ ಚುಟುಕಾಗಿ ಪ್ರತಿಕ್ರಿಯಿಸಿದರು.

ಎರಡೂ ಕಡೆ ಆಡಿದವರು ಒಬ್ಬರೇ ಆನಂದ್, ಎರಡೂ ಕಡೆ ಕಂಪ್ಯೂಟರ್ ಇತ್ತು. ಲಿಯೋನ್‌ನಲ್ಲಿ ಅದು ಎದುರಾಳಿಗೆ ಗೊತ್ತಿತ್ತು, ಆತನ ಕೈಯಲ್ಲೂ ಅಂಥದೇ ಒಂದಿತ್ತು, 2021ರಲ್ಲಿ ಗೊತ್ತಿರಲಿಲ್ಲ. ಚದುರಂಗದಲ್ಲಿ ಯಂತ್ರದ ಬಳಕೆಯ ಬಗ್ಗೆ ನಡೆಯುವ ಎಲ್ಲ ವಾಗ್ವಾದಗಳೂ ಕೊನೆಗೆ ಬಂದು ನಿಲ್ಲಬೇಕಾದದ್ದು ಇಲ್ಲೇ. ಯಂತ್ರ ತನ್ನಷ್ಟಕ್ಕೆ ಮೈಲಿಗೆಯಲ್ಲ. ಎದುರಾಳಿ ಯಾವ ಆಟಕ್ಕೆ ಒಪ್ಪಿ ಕುಳಿತಿದ್ದಾನೋ ಆ ಆಟವನ್ನು ಬಿಟ್ಟು, ಅವನಿಗೆ ತಿಳಿಸದೆ ಬೇರೊಂದನ್ನು ಆಡುವುದು ಅನ್ಯಾಯ. ಈ ಮಾತು ಅತ್ಯಂತ ಸಿಕ್ಕಾಗಿ ಹೋಗಿರುವುದು ಗಡಿಯಾರ ಓಡುವ ಬ್ಲಿಟ್ಜ್‌ನಲ್ಲಲ್ಲ, ಒಂದು ನಡೆಗೆ ಮೂರು ದಿನ, ಐದು ದಿನ ಕಾಲಾವಕಾಶವಿರುವ ಅಂಚೆ ಚೆಸ್‌ನಲ್ಲಿ.

ಅಂಚೆ ಚೆಸ್ ಎಂದ ಕೂಡಲೇ ಹಳೆಯ ತಲೆಮಾರಿನವರಿಗೆ ಪೋಸ್ಟ್‌ಕಾರ್ಡ್ ನೆನಪಾಗುತ್ತದೆ. 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೋ ಚೆಸ್ ಕ್ಲಬ್‌ಗಳು ಕಾಗದದ ಮೂಲಕ ಆಡಲು ಶುರುಮಾಡಿದ ಪಂದ್ಯಗಳು ಮುಗಿದದ್ದು 1828ರಲ್ಲಿ. ಎಡಿನ್‌ಬರೋ ಗೆದ್ದಿತು, ಇಂದು ಮಕ್ಕಳು ಕಲಿಯುವ ‘ಸ್ಕಾಚ್’ ಆರಂಭಕ್ಕೆ ಆ ಹೆಸರು ಬಂದದ್ದು ಆ ಪಂದ್ಯದಿಂದ. ಭಾಷೆ ಬೇರೆಯಾದ ದೇಶಗಳ ಆಟಗಾರರಿಗೆ ತೊಡಕಾಗದಿರಲೆಂದು ಮನೆಗಳಿಗೆ 11ರಿಂದ 88ರವರೆಗೆ ಅಂಕಿಗಳನ್ನು ಕೊಡುವ ಪದ್ಧತಿ ಬಂತು. ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಬಂದರೆ ಕಾರ್ಡಿನ ಮೇಲೆ 5254 ಎಂದು ಬರೆದರಾಯಿತು, ಅರ್ಜೆಂಟೀನಾದವನಿಗೂ ಪೋಲೆಂಡಿನವನಿಗೂ ಅರ್ಥವಾಗುತ್ತಿತ್ತು. ಒಂದು ಆಟಕ್ಕೆ ಎರಡು ಮೂರು ವರ್ಷ ಹಿಡಿಯುವುದು ಸಾಮಾನ್ಯ. ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟವಾದ ಐಸಿಸಿಎಫ್ 1951ರಲ್ಲಿ ಹುಟ್ಟಿತು. ‘ನಾವು ಗೆಳೆಯರು’ ಎಂಬ ಅರ್ಥದ ‘ಅಮಿಚಿ ಸುಮುಸ್’ ಎಂಬ ಲ್ಯಾಟಿನ್ ಮಾತನ್ನು ಧ್ಯೇಯವಾಕ್ಯವಾಗಿ ಇಟ್ಟುಕೊಂಡಿತು.

ಆ ಕಾಲದಲ್ಲಿ ಪುಸ್ತಕ ನೋಡುವುದು, ಹಲಗೆಯ ಮೇಲೆ ಕಾಯಿಗಳನ್ನು ಸರಿಸಿ ನೋಡುವುದು, ಹಳೆಯ ಆಟಗಳನ್ನು ಹುಡುಕುವುದು ತಪ್ಪಾಗಿರಲಿಲ್ಲ. ಅಂಚೆ ಚೆಸ್ ಎಂದರೆ ಅದೇ ಆಗಿತ್ತು. ಎದುರೆದುರು ಕೂತು ಆಡುವವನಿಗೆ ನೆನಪು ಮತ್ತು ಧೈರ್ಯ ಬೇಕು, ಅಂಚೆ ಆಟಗಾರನಿಗೆ ಸಂಶೋಧಕನ ತಾಳ್ಮೆ ಬೇಕು. ಅಮೆರಿಕದ ಹ್ಯಾನ್ಸ್ ಬರ್ಲಿನರ್ ಇದಕ್ಕೆ ಒಳ್ಳೆಯ ಉದಾಹರಣೆ. 1965ರಿಂದ 1968ರವರೆಗೆ ನಡೆದ ಐದನೇ ವಿಶ್ವ ಅಂಚೆ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ ಅವರು 16 ಆಟಗಳಲ್ಲಿ 14 ಅಂಕ ಗಳಿಸಿ, ನಂತರದವರಿಗಿಂತ ಮೂರು ಅಂಕ ಮುಂದೆ ನಿಂತರು. ಆ ಟೂರ್ನಿಯಲ್ಲಿ ಸೋವಿಯತ್ ಆಟಗಾರ ಯಾಕೋವ್ ಎಸ್ಟ್ರಿನ್ ಎದುರು ಬರ್ಲಿನರ್ ಕಪ್ಪು ಕಾಯಿಗಳಲ್ಲಿ ಆಡಿದ ಆಟ ಇಂದಿಗೂ ಅಂಚೆ ಚೆಸ್ಸಿನ ಅತ್ಯುತ್ತಮ ಆಟಗಳ ಸಾಲಿನಲ್ಲಿದೆ. ಅದರಲ್ಲಿ ಬಂದ ‘ಎರಡು ಕುದುರೆಗಳ ರಕ್ಷಣೆ’ ಎಂಬ ಆರಂಭದ ಮೇಲೆ ಪುಸ್ತಕವನ್ನೇ ಬರೆದವರು ಎಸ್ಟ್ರಿನ್. ಅವರ ಸ್ವಂತ ಜಮೀನಿನಲ್ಲೇ ಬರ್ಲಿನರ್ ಹೊಸ ದಾರಿ ಅಗೆದು ತೆಗೆದು ಗೆದ್ದರು.

ಇದೇ ಬರ್ಲಿನರ್ ನಂತರ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನಿಯಾಗಿ ‘ಹೈಟೆಕ್’ ಎಂಬ ಚೆಸ್ ಯಂತ್ರವನ್ನು ರೂಪಿಸಿದ ತಂಡವನ್ನು ಮುನ್ನಡೆಸಿದರು. ಮನುಷ್ಯನ ನಿಧಾನ ವಿಶ್ಲೇಷಣೆಯನ್ನು ಶಿಖರಕ್ಕೆ ಒಯ್ದವರೇ ಆ ವಿಶ್ಲೇಷಣೆಯನ್ನು ಯಂತ್ರಕ್ಕೆ ಕಲಿಸಲು ಹೊರಟರು. ಅವರಿಗೆ ಇದರಲ್ಲಿ ಯಾವ ವಿರೋಧವೂ ಕಂಡಿರಲಾರದು.

1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ಎದುರು ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಸೋತ ಮೇಲೆ ಅಂಚೆ ಚೆಸ್ಸಿಗೆ ಎರಡೇ ದಾರಿ ಉಳಿದವು. ನಿಷೇಧಿಸಬೇಕು, ಇಲ್ಲವೇ ಒಪ್ಪಿಕೊಳ್ಳಬೇಕು. ಪ್ರತಿ ಆಟಗಾರನೂ ತನ್ನ ಮನೆಯಲ್ಲಿ, ಬಾಗಿಲು ಹಾಕಿಕೊಂಡು, ವಾರಗಟ್ಟಲೆ ಯೋಚಿಸುವ ಆಟದಲ್ಲಿ ನಿಷೇಧವನ್ನು ಜಾರಿ ಮಾಡುವುದು ಹೇಗೆ? ಐಸಿಸಿಎಫ್ ಒಪ್ಪಿಕೊಳ್ಳುವ ದಾರಿ ಹಿಡಿಯಿತು. ಅದರ ನೀತಿಸಂಹಿತೆ ಸ್ಪಷ್ಟವಾಗಿದೆ: ನಡೆಯನ್ನು ಆಟಗಾರನೇ ನಿರ್ಧರಿಸಬೇಕು, ನಿರ್ಧರಿಸುವ ಮುನ್ನ ಪುಸ್ತಕ, ಹಳೆಯ ಆಟಗಳ ದತ್ತಾಂಶ, ನಡೆಗಳನ್ನು ಲೆಕ್ಕ ಹಾಕುವ ಚೆಸ್ ಎಂಜಿನ್ ತಂತ್ರಾಂಶ, ಅಂತ್ಯದಾಟದ ಟೇಬಲ್‌ಬೇಸ್ ಯಾವುದನ್ನಾದರೂ ನೋಡಬಹುದು. ಆದರೆ ಇನ್ನೊಬ್ಬ ಮನುಷ್ಯನಿಂದ ವಿಶ್ಲೇಷಣೆಯ ಸಲಹೆ ಪಡೆಯುವಂತಿಲ್ಲ. ಹೊರಗಿನವರಿಗೆ ಇದು ತಲೆಕೆಳಗಾಗಿ ಕಾಣಬಹುದು. ಯಂತ್ರಕ್ಕೆ ಬಾಗಿಲು ತೆರೆದಿದೆ, ಗ್ರ್ಯಾಂಡ್‌ಮಾಸ್ಟರ್ ಗೆಳೆಯನಿಗೆ ಮುಚ್ಚಿದೆ. ಆದರೆ ಇದರ ಹಿಂದಿನ ನ್ಯಾಯ ಗಟ್ಟಿಯಾದದ್ದು. ಎಂಜಿನ್ ಎಲ್ಲರಿಗೂ ಸಿಗುತ್ತದೆ. ಜಗತ್ತಿನ ಅತಿ ಬಲಿಷ್ಠ ಎಂಜಿನ್‌ಗಳಲ್ಲಿ ಒಂದಾದ ಸ್ಟಾಕ್‌ಫಿಶ್ ಮುಕ್ತ ತಂತ್ರಾಂಶ, ಅದಕ್ಕೆ ಕಾಸು ಕೊಡಬೇಕಿಲ್ಲ. ಗ್ರ್ಯಾಂಡ್‌ಮಾಸ್ಟರ್ ಗೆಳೆಯ ಮಾತ್ರ ಎಲ್ಲರಿಗೂ ಸಿಗುವುದಿಲ್ಲ.

ಹಾಗಾದರೆ ಐಸಿಸಿಎಫ್ ಆಟಗಾರ ಮಾಡುವುದೇನು, ಎಂಜಿನ್ ಹೇಳಿದ್ದನ್ನು ಬರೆದು ಕಳಿಸುವುದೇ? ಹಾಗೆ ಮಾಡಿದವನು ಸುಮ್ಮನೆ ಡ್ರಾಗಳಲ್ಲಿ ಮುಳುಗುತ್ತಾನೆ, ಆಗಾಗ ಸೋಲುತ್ತಾನೆ. 2005ರಲ್ಲಿ ನಡೆದ ಒಂದು ‘ಫ್ರೀಸ್ಟೈಲ್’ ಟೂರ್ನಿಯಲ್ಲಿ ಯಾರು ಯಾವ ಯಂತ್ರವನ್ನಾದರೂ ಬಳಸಬಹುದಿತ್ತು. ಗ್ರ್ಯಾಂಡ್‌ಮಾಸ್ಟರ್‌ಗಳೂ ಭಾರಿ ಯಂತ್ರಗಳೂ ಕಣದಲ್ಲಿದ್ದವು. ಗೆದ್ದವರು ಸ್ಟೀವನ್ ಕ್ರಾಮ್ಟನ್ ಮತ್ತು ಜಾಕರಿ ಸ್ಟೀಫನ್ ಎಂಬ ಇಬ್ಬರು ಅಮೆರಿಕನ್ ಹವ್ಯಾಸಿಗಳು, ಬಳಸಿದ್ದು ಮಾಮೂಲಿ ಕಂಪ್ಯೂಟರ್‌ಗಳನ್ನು. ಯಾವ ಎಂಜಿನ್‌ಗೆ ಯಾವ ಬಗೆಯ ಸ್ಥಿತಿ ಅರ್ಥವಾಗುವುದಿಲ್ಲ, ಯಾವಾಗ ಅದರ ಮಾತನ್ನು ಬದಿಗಿಟ್ಟು ಇನ್ನೊಂದು ಕವಲನ್ನು ಬಗೆದು ನೋಡಬೇಕು ಎಂಬ ತಿಳಿವಳಿಕೆ ಅವರನ್ನು ಗೆಲ್ಲಿಸಿತು. ಅದು ನಿಜವಾದ ಕೌಶಲ. ಅದನ್ನು ‘ಯಂತ್ರದ ಹಿಂದೆ ಬಚ್ಚಿಟ್ಟುಕೊಳ್ಳುವುದು’ ಎಂದು ಹೀಗಳೆಯುವವರು ಆ ಕೆಲಸವನ್ನು ಹತ್ತಿರದಿಂದ ನೋಡಿದವರಲ್ಲ.

ಆದರೂ ಒಂದು ನಷ್ಟವನ್ನು ಒಪ್ಪಿಕೊಳ್ಳಲೇಬೇಕು. ಎಂಜಿನ್‌ಗಳು ಬಲಿತಂತೆ ಸೋಲುಗಳು ಅಪರೂಪವಾದವು. 2020ರಲ್ಲಿ ಶುರುವಾಗಿ 2022ರಲ್ಲಿ ಮುಗಿದ 32ನೇ ವಿಶ್ವ ಚಾಂಪಿಯನ್‌ಷಿಪ್ ಅನ್ನು ಅಮೆರಿಕದ ಜಾನ್ ಎಡ್ವರ್ಡ್ಸ್ ಗೆದ್ದರು. ಅಲ್ಲಿನ ಬಹುಪಾಲು ಆಟಗಳು ಡ್ರಾ. ಬರ್ಲಿನರ್ ಕಾಲದ ಮೂರು ಅಂಕಗಳಂಥ ಮುನ್ನಡೆ ಇಂದು ಯೋಚನೆಗೂ ನಿಲುಕದ್ದು. ಎರಡೂ ಕಡೆ ಸಮಬಲದ ಯಂತ್ರಗಳಿದ್ದಾಗ ಆರಂಭದಲ್ಲೇ ತೀರ ಅಪಾಯದ ಹಾದಿ ಹಿಡಿಯದೆ ಯಾರೂ ಯಾರನ್ನೂ ಮುರಿಯಲಾಗುವುದಿಲ್ಲ. ಏಳು ಕಾಯಿಗಳೊಳಗಿನ ಯಾವ ಸ್ಥಿತಿಯ ಫಲಿತಾಂಶವನ್ನೂ ಟೇಬಲ್‌ಬೇಸ್‌ಗಳು ತಪ್ಪಿಲ್ಲದೆ ಹೇಳುತ್ತವೆ. ಮಾಸ್ಕೋದ ಲೊಮೊನೊಸೊವ್ ವಿಶ್ವವಿದ್ಯಾಲಯದ ಸೂಪರ್‌ಕಂಪ್ಯೂಟರ್ 2012ರಲ್ಲೇ ಆ ಲೆಕ್ಕ ಮುಗಿಸಿತ್ತು. ಐಸಿಸಿಎಫ್ ಆಟದಲ್ಲಿ ಅಂಥ ಸ್ಥಿತಿ ಬಂದರೆ ಆಟಗಾರ ಅದನ್ನು ತೋರಿಸಿ ಗೆಲುವನ್ನೋ ಡ್ರಾವನ್ನೋ ಕೇಳಬಹುದು, ಮುಂದೆ ಆಡಬೇಕಿಲ್ಲ.

ಈ ಕಾರಣಕ್ಕೇ ಯಂತ್ರವಿಲ್ಲದ ನಿಧಾನ ಚೆಸ್ ಉಳಿಯಬೇಕು. ಅದರ ಇಂದಿನ ನೆಲೆ ಆನ್‌ಲೈನ್ ತಾಣಗಳು. ಚೆಸ್ ಡಾಟ್ ಕಾಮ್‌ನಲ್ಲಿ ಅದಕ್ಕೆ ‘ಡೈಲಿ’ ಎಂದು ಹೆಸರು, ಲಿಚೆಸ್‌ನಲ್ಲಿ ಹಳೆಯ ಹೆಸರೇ ಉಳಿದಿದೆ. ಒಂದು ನಡೆಗೆ ಒಂದು ದಿನದಿಂದ ಎರಡು ವಾರದವರೆಗೆ ಅವಕಾಶ. ಕೆಲಸಕ್ಕೆ ಹೋಗಿ ಬಂದು, ಮಕ್ಕಳನ್ನು ಮಲಗಿಸಿ, ರಾತ್ರಿ ಹತ್ತಕ್ಕೆ ಅರ್ಧ ಗಂಟೆ ಬಿಡುವು ಸಿಗುವವನಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ. ಎಲ್ಲಿಯೋ ಕೂತ ಎದುರಾಳಿಯೊಡನೆ ಒಂದು ಸ್ಥಿತಿಯನ್ನು ಮೂರು ದಿನ ಮನಸ್ಸಿನಲ್ಲಿ ಹೊತ್ತು ತಿರುಗುವ ಸುಖ ಬ್ಲಿಟ್ಜ್‌ನಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ‘ಆನೆಯನ್ನು ಕೊಟ್ಟರೆ ಹೇಗೆ’ ಎಂದು ಯೋಚಿಸುವವರಿದ್ದಾರೆ; ನ್ಯೂಜೆರ್ಸಿಯ ಕನ್ನಡಿಗನಿಗೂ ಮಂಡ್ಯದ ಗೆಳೆಯನಿಗೂ ನಡುವೆ ಹಗಲು ರಾತ್ರಿಯ ಅಂತರವಿದ್ದರೂ ಈ ಆಟ ಸಾಗುತ್ತದೆ.

ಈ ತಾಣಗಳ ನಿಯಮ ಐಸಿಸಿಎಫ್‌ಗಿಂತ ಬೇರೆ. ಆರಂಭದ ಪುಸ್ತಕಗಳನ್ನು, ಆಡಿ ಮುಗಿದ ಆಟಗಳ ದತ್ತಾಂಶವನ್ನು ನೋಡಬಹುದು. ತಾಣವೇ ಕೊಡುವ ವಿಶ್ಲೇಷಣೆಯ ಹಲಗೆಯ ಮೇಲೆ ಕೈಯಾರೆ ಕಾಯಿ ಸರಿಸಿ ನೋಡಬಹುದು. ಎಂಜಿನ್ ಕೂಡದು. ಇನ್ನೊಬ್ಬರ ಸಲಹೆ ಕೂಡದು. ಚೆಸ್ ಡಾಟ್ ಕಾಮ್ ಅಂತ್ಯದಾಟದ ಟೇಬಲ್‌ಬೇಸ್ ಅನ್ನೂ ನಿಷೇಧಿಸಿದೆ. ಪುಸ್ತಕ ನೋಡಿ ಬರೆಯುವ ಪರೀಕ್ಷೆಯಂತೆ ಇದು: ಪುಸ್ತಕ ತೆರೆದಿಡಬಹುದು, ಉತ್ತರವನ್ನು ಮಾತ್ರ ತಾನೇ ಬರೆಯಬೇಕು.

ಹೇಳುವಾಗ ಸರಳವಾಗಿ ಕೇಳಿಸುವ ಈ ಗೆರೆ ಆಡುವಾಗ ಮಸುಕಾಗುತ್ತದೆ. ಇತ್ತೀಚಿನ ಯಾವ ಆರಂಭದ ಪುಸ್ತಕವನ್ನು ತೆಗೆದರೂ ಅದರ ಪುಟ ಪುಟವನ್ನೂ ಲೇಖಕ ಎಂಜಿನ್ ಜೊತೆ ಪರೀಕ್ಷಿಸಿರುತ್ತಾನೆ. ದತ್ತಾಂಶದಲ್ಲಿರುವ ಆಟಗಳಲ್ಲಿ ಐಸಿಸಿಎಫ್‌ನವೂ ಇದ್ದರೆ ಅವು ಯಂತ್ರದ ನೆರವಿನಿಂದಲೇ ಆಡಿದವು. ಆರಂಭದ ಹದಿನೈದನೇ ನಡೆಯವರೆಗೆ ಪುಸ್ತಕದ ನೆರವು ಪಡೆದವನು ಆಗಲೇ ಯಂತ್ರದ ಫಲವನ್ನು ಉಂಡಾಗಿದೆ. ನಿನ್ನೆ ಮುಗಿದ ಒಂದು ಆಟವನ್ನು ಎಂಜಿನ್ ಜೊತೆ ಕೂತು ಪರಿಶೀಲಿಸಿದ ಹುಡುಗನಿಗೆ, ಇಂದು ನಡೆಯುತ್ತಿರುವ ಇನ್ನೊಂದು ಆಟದಲ್ಲಿ ಅದೇ ಸ್ಥಿತಿ ಎದುರಾದರೆ? ಅವನು ಕಲಿತದ್ದನ್ನು ಮರೆಯಬೇಕೇ? ಮರೆಯಬೇಕಿಲ್ಲ, ಮರೆಯಲಾಗುವುದೂ ಇಲ್ಲ. ಕಲಿಕೆ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದರೆ ಯಾರೂ ಶುದ್ಧರಾಗಿ ಉಳಿಯುವುದಿಲ್ಲ. ನೋಡಬೇಕಾದದ್ದು ಇಷ್ಟೇ: ಈಗ ಹಲಗೆಯ ಮೇಲಿರುವ, ಇನ್ನೂ ತೀರ್ಮಾನವಾಗದ ಈ ಸ್ಥಿತಿಯನ್ನು ತೂಗಿ ನೋಡಿದವರು ಯಾರು? ಆಟಗಾರನೇ ತೂಗಿದ್ದರೆ ನ್ಯಾಯ. ಆಟ ಮುಗಿಯುವ ಮುನ್ನ ಅದನ್ನು ಎಂಜಿನ್‌ಗೆ ಉಣಿಸಿದರೆ, ‘ನಾನು ಆಡಿದ ಮೇಲೆ ಸುಮ್ಮನೆ ನೋಡಿದೆ’ ಎಂದರೂ ಅದು ಅನ್ಯಾಯವೇ, ಏಕೆಂದರೆ ಮುಂದಿನ ಹತ್ತು ನಡೆಗಳ ದಾರಿ ಅಲ್ಲಿ ಕಂಡುಬಿಟ್ಟಿರುತ್ತದೆ. ಎಷ್ಟೋ ಪ್ರಾಮಾಣಿಕ ಆಟಗಾರರು ಎಡವುವುದು ಇಲ್ಲೇ. ಅವರಿಗೆ ಮೋಸ ಮಾಡುವ ಉದ್ದೇಶವಿರುವುದಿಲ್ಲ, ಕುತೂಹಲ ತಡೆಯಲಾಗುವುದಿಲ್ಲ. ಮೂರು ದಿನ ಕಾಯುವ ಆಟದಲ್ಲಿ ಬೆರಳ ತುದಿಯಲ್ಲಿರುವ ಉತ್ತರವನ್ನು ನೋಡದೆ ಇರುವುದು ಸಣ್ಣ ಸಂಯಮವಲ್ಲ.

ಮೋಸಗಾರನನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆ ಇದಕ್ಕಿಂತ ಕಠಿಣ. ಎದುರೆದುರಿನ ಆಟದಲ್ಲಿ ಕನಿಷ್ಠ ವಸ್ತುವಾದರೂ ಸಿಗುತ್ತದೆ. 2006ರಲ್ಲಿ ದೆಹಲಿಯ ಟೂರ್ನಿಯೊಂದರಲ್ಲಿ ಭಾರತದ ಆಟಗಾರನೊಬ್ಬನ ಟೋಪಿಯೊಳಗೆ ಬ್ಲೂಟೂತ್ ಸಾಧನ ಸಿಕ್ಕಿ ಆತನಿಗೆ ಹತ್ತು ವರ್ಷ ನಿಷೇಧ ಬಿತ್ತು. 2019ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಇಗೋರ್ಸ್ ರೌಸಿಸ್ ಶೌಚಾಲಯದಲ್ಲಿ ಫೋನ್ ಬಳಸಿ ಸಿಕ್ಕಿಬಿದ್ದರು, ಪದವಿಯನ್ನೇ ಕಳೆದುಕೊಂಡರು. ಆನ್‌ಲೈನ್ ಬ್ಲಿಟ್ಜ್‌ನಲ್ಲಿ ವಸ್ತು ಸಿಗದಿದ್ದರೂ ಸಮಯ ಸಿಗುತ್ತದೆ. ಸುಲಭದ ನಡೆಗೂ ಕಷ್ಟದ ನಡೆಗೂ ಒಂದೇ ಸಮ ಎಂಟು ಸೆಕೆಂಡ್ ತೆಗೆದುಕೊಳ್ಳುವವನ ಮೇಲೆ ಅನುಮಾನ ಬರುವುದು ಸಹಜ. ಅಂಚೆ ಚೆಸ್‌ನಲ್ಲಿ ಈ ಸುಳಿವೂ ಇಲ್ಲ. ಬೆಳಿಗ್ಗೆ ಎದ್ದು ಒಂದು ನಡೆ, ಊಟದ ಹೊತ್ತಿಗೆ ಇನ್ನೊಂದು. ಆ ನಡುವೆ ಏನಾಯಿತೆಂದು ತಾಣಕ್ಕೆ ತಿಳಿಯುವುದಿಲ್ಲ.

ಉಳಿಯುವುದು ನಡೆಗಳ ಅಂಕಿಅಂಶ ಮಾತ್ರ. ಬಫಲೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆನೆತ್ ರೀಗನ್ ಅಂಥ ಪರೀಕ್ಷೆಗಳನ್ನು ಹಲವು ವರ್ಷಗಳಿಂದ ಬೆಳೆಸಿದ್ದಾರೆ. ಅವುಗಳ ತಿರುಳು ಹೀಗಿದೆ. ಬಲವಂತದ ನಡೆಗಳನ್ನು ಬಿಡಿ, ಪುಸ್ತಕದ ನಡೆಗಳನ್ನು ಬಿಡಿ. ಉಳಿದ ನಡೆಗಳಲ್ಲಿ ಆಟಗಾರನ ರೇಟಿಂಗ್ ಮಟ್ಟದ ಮನುಷ್ಯ ಎಂಜಿನ್ನಿನ ಮೊದಲ ಆಯ್ಕೆಯನ್ನೇ ಎಷ್ಟು ಬಾರಿ ಆಡಬಹುದೆಂದು ಲೆಕ್ಕ ಹಾಕಿ, ಈ ಆಟಗಾರ ಅದಕ್ಕಿಂತ ಎಷ್ಟು ಮೇಲಿದ್ದಾನೆ ಎಂದು ನೋಡಿ. ಒಂದು ಆಟ ಸಾಲದು, ಹಲವು ಆಟಗಳು ಬೇಕು. ಅಂಚೆ ಚೆಸ್‌ನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಮೂರು ದಿನ ಕೂತು ಪುಸ್ತಕ ತಿರುವಿ ಹಲಗೆಯ ಮೇಲೆ ಬಗೆಬಗೆಯಾಗಿ ಆಡಿ ನೋಡಿದವನು ತನ್ನ ಬ್ಲಿಟ್ಜ್ ರೇಟಿಂಗ್‌ಗಿಂತ ಬಹಳ ಚೆನ್ನಾಗಿ ಆಡುವುದು ಸಹಜ, ಆಡಲೇಬೇಕು. ಹಾಗಾಗಿ ‘ಎಂಜಿನ್ ಇವನ ಅಕ್ಯುರಸಿಗೆ ನೂರಕ್ಕೆ 96 ಕೊಟ್ಟಿದೆ, ಮೋಸಗಾರ’ ಎಂಬ ತೀರ್ಪಿಗೆ ಆಧಾರವಿಲ್ಲ. ಹೋಲಿಸಬೇಕಾದ್ದು ಅವನ ಬ್ಲಿಟ್ಜ್ ಜೊತೆಯಲ್ಲ. ಎಂಜಿನ್ ಇಲ್ಲದ ಕಾಲದ ಅಂಚೆ ಚಾಂಪಿಯನ್ನರ ಆಟಗಳು ಮನುಷ್ಯನ ನಿಧಾನ ಯೋಚನೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಒಳ್ಳೆಯ ಅಳತೆಗೋಲು. ಒಬ್ಬ ಹವ್ಯಾಸಿ ಐವತ್ತು ಆಟಗಳುದ್ದಕ್ಕೂ ಬರ್ಲಿನರ್‌ಗಿಂತ ಹೆಚ್ಚು ನಿಖರವಾಗಿ ಆಡಿದ್ದರೆ ಆಗ ಪ್ರಶ್ನೆ ಕೇಳುವುದು ನ್ಯಾಯ.

ಅಂಕಿಅಂಶದ ಇನ್ನೊಂದು ಮುಖವನ್ನು ತಾಣಗಳೂ ಆಟಗಾರರೂ ಮನಗಾಣಬೇಕು. ಸಾವಿರಕ್ಕೆ ಒಂದರಂತೆ ಮಾತ್ರ ಆಕಸ್ಮಿಕವಾಗಿ ಬರಬಹುದಾದ ಫಲಿತಾಂಶವನ್ನು ಮೋಸದ ಗುರುತೆಂದು ಇಟ್ಟುಕೊಳ್ಳೋಣ. ಒಂದು ಲಕ್ಷ ಪ್ರಾಮಾಣಿಕ ಆಟಗಾರರನ್ನು ಆ ಜರಡಿಯಲ್ಲಿ ಹಿಡಿದರೆ ನೂರು ಮಂದಿ ತಪ್ಪಿತಸ್ಥರಾಗಿ ಹೊರಬರುತ್ತಾರೆ. ಕೋಟಿಗಟ್ಟಲೆ ಸದಸ್ಯರಿರುವ ತಾಣದಲ್ಲಿ ಈ ಲೆಕ್ಕ ಹುಡುಗಾಟವಲ್ಲ. ಆದ್ದರಿಂದ ಗುರುತಿನ ಗೆರೆಯನ್ನು ತೀರ ಮೇಲೆ ಇಡಬೇಕು, ಒಂದೇ ಅಂಕಿಯನ್ನು ನಂಬದೆ ಮನುಷ್ಯರು ಕೂತು ಆಟಗಳನ್ನು ನೋಡಬೇಕು. ಗೆರೆ ಮೇಲಿಟ್ಟರೆ ಕೆಲವು ಮೋಸಗಾರರು ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳಲಿ. ಪ್ರಾಮಾಣಿಕನೊಬ್ಬನ ಹೆಸರಿನ ಮುಂದೆ ‘ನಿಯಮ ಉಲ್ಲಂಘನೆ’ ಎಂದು ಅಂಟಿಸುವುದಕ್ಕಿಂತ ಅದು ಎಷ್ಟೋ ಮೇಲು. ಹಣವಿಲ್ಲದ, ಬಿರುದಿಲ್ಲದ ಈ ನಿಧಾನ ಆಟದಲ್ಲಿ ಒಳ್ಳೆಯ ಹೆಸರಲ್ಲದೆ ಗಳಿಸುವುದಾದರೂ ಏನಿದೆ?

2022ರ ಸೆಪ್ಟೆಂಬರ್‌ನಲ್ಲಿ ಹ್ಯಾನ್ಸ್ ನೀಮನ್ ಎಂಬ ಯುವ ಆಟಗಾರನ ಎದುರು ಸೋತ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಸಿಂಕ್‌ಫೀಲ್ಡ್ ಕಪ್‌ನಿಂದ ಹಿಂದೆ ಸರಿದಾಗ ಮೋಸ ನಡೆದಿರಬಹುದೆಂದು ಜಗತ್ತೇ ಆಡಿಕೊಂಡಿತು. ನೀಮನ್ ಚಿಕ್ಕವರಿದ್ದಾಗ ಆನ್‌ಲೈನ್‌ನಲ್ಲಿ ಮೋಸ ಮಾಡಿದ್ದನ್ನು ಸ್ವತಃ ಒಪ್ಪಿಕೊಂಡರು. ಅವರು ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಮೋಸ ಮಾಡಿರುವ ಸಾಧ್ಯತೆ ಇದೆಯೆಂದು ಚೆಸ್ ಡಾಟ್ ಕಾಮ್ 72 ಪುಟಗಳ ವರದಿ ಹೊರತಂದಿತು. ಆದರೆ ಕಾರ್ಲ್‌ಸನ್ ಎದುರಿನ ಆ ಆಟದಲ್ಲಿ ಮೋಸ ನಡೆದದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ನೀಮನ್ ಹೂಡಿದ 10 ಕೋಟಿ ಡಾಲರ್ ಮೊಕದ್ದಮೆಯನ್ನು 2023ರ ಜೂನ್‌ನಲ್ಲಿ ನ್ಯಾಯಾಲಯ ವಜಾ ಮಾಡಿತು, ಆಗಸ್ಟ್‌ನಲ್ಲಿ ರಾಜಿಯಾಯಿತು. ಅಷ್ಟರೊಳಗೆ ಎಲ್ಲರಿಗೂ ಕೆಟ್ಟ ಅಭ್ಯಾಸವೊಂದು ಅಂಟಿಕೊಂಡಿತ್ತು. ಸೋತ ಕೂಡಲೇ ಎದುರಾಳಿಯ ಆಟವನ್ನು ಎಂಜಿನ್‌ಗೆ ಹಾಕಿ, ಅಂಕಿ ನೋಡಿ, ತೀರ್ಪು ಕೊಡುವ ಅಭ್ಯಾಸ. ಯಂತ್ರದ ದುರ್ಬಳಕೆ ಎಂದರೆ ನಡೆ ಕದಿಯುವುದೊಂದೇ ಅಲ್ಲ. ಅರೆಬರೆ ತಿಳಿವಳಿಕೆಯಿಂದ ಅದನ್ನು ಆರೋಪದ ಆಯುಧ ಮಾಡಿಕೊಳ್ಳುವುದೂ ದುರ್ಬಳಕೆಯೇ. ಅನುಮಾನ ಬಂದರೆ ತಾಣಕ್ಕೆ ದೂರು ಕೊಡುವ ಗುಂಡಿಯಿದೆ, ಅದನ್ನು ಒತ್ತಿ ಸುಮ್ಮನಾಗಬೇಕು. ಮೋಸ ಖಚಿತವಾದಾಗ ಸೋತವರಿಗೆ ರೇಟಿಂಗ್ ಅಂಕಗಳನ್ನು ಮರಳಿಸುವ ವ್ಯವಸ್ಥೆ ಎರಡೂ ದೊಡ್ಡ ತಾಣಗಳಲ್ಲಿದೆ.

ತಾಣಗಳ ಹೊಣೆಯೂ ಸಣ್ಣದಲ್ಲ. ಪತ್ತೆಯ ವಿಧಾನಗಳನ್ನು ಪೂರ್ತಿ ಬಯಲು ಮಾಡಿದರೆ ಕಳ್ಳರು ಅದಕ್ಕೆ ತಕ್ಕಂತೆ ಆಡುತ್ತಾರೆ ಎಂಬ ಅವರ ವಾದ ಒಪ್ಪುವಂಥದ್ದೇ. ಆದರೆ ವಿಧಾನ ಗುಟ್ಟಾಗಿರುವುದಕ್ಕೂ ವಿಚಾರಣೆ ಗುಟ್ಟಾಗಿರುವುದಕ್ಕೂ ವ್ಯತ್ಯಾಸವಿದೆ. ಖಾತೆ ಮುಚ್ಚುವ ಮೊದಲು ಆಟಗಾರನನ್ನು ಕರೆದು, ಈ ಆಟದ ಈ ನಡೆಯನ್ನು ಯಾಕೆ ಆಡಿದಿರಿ, ಬೇರೆ ಏನನ್ನು ಯೋಚಿಸಿದ್ದಿರಿ ಎಂದು ಕೇಳಿದರೆ ಅರ್ಧ ಸತ್ಯ ಅಲ್ಲೇ ಹೊರಬರುತ್ತದೆ. ಅಂಚೆ ಚೆಸ್‌ನಲ್ಲಿ ಇದು ವಿಶೇಷವಾಗಿ ಸಾಧ್ಯ. ನಿಧಾನ ಆಟಗಾರರಲ್ಲಿ ಅನೇಕರು ಟಿಪ್ಪಣಿ ಇಡುತ್ತಾರೆ. ಹತ್ತಾರು ಆಟ ಒಟ್ಟಿಗೆ ನಡೆಯುತ್ತಿರುವಾಗ ಟಿಪ್ಪಣಿಯಿಲ್ಲದೆ ನಿಭಾಯಿಸುವುದೇ ಕಷ್ಟ. ಮನುಷ್ಯನ ಟಿಪ್ಪಣಿಯಲ್ಲಿ ತಪ್ಪು ಎಣಿಕೆ ಇರುತ್ತದೆ, ಕೈಬಿಟ್ಟ ಯೋಜನೆ ಇರುತ್ತದೆ, ಭಯ ಇರುತ್ತದೆ. ಕದ್ದ ನಡೆಗೆ ಅಂಥ ಹಿನ್ನೆಲೆ ಇರುವುದಿಲ್ಲ. ಒಂದು ಮಟ್ಟಕ್ಕಿಂತ ಮೇಲಿನ ಡೈಲಿ ಟೂರ್ನಿಗಳಲ್ಲಿ ಟಿಪ್ಪಣಿ ಇಡುವುದನ್ನು ಕಡ್ಡಾಯ ಮಾಡಿದರೆ ಪ್ರಾಮಾಣಿಕನಿಗೆ ರಕ್ಷಣೆ, ಆಟವೂ ಸುಧಾರಿಸುತ್ತದೆ.

ಯಂತ್ರ ನಿಷೇಧವಿರುವ ಅಂಚೆ ಟೂರ್ನಿಗಳಿಗೆ ನಗದು ಬಹುಮಾನ ಇಡಲೇಬಾರದು. ಕಾವಲು ಹಾಕಲಾಗದ ಕಡೆ ಹಣ ಇಡುವುದು ಮೋಸಕ್ಕೆ ಆಮಂತ್ರಣ ಕೊಟ್ಟಂತೆ. ಯಂತ್ರದೊಡನೆ ದುಡಿಯುವ ಆಸಕ್ತಿ ಇರುವವರಿಗೆ ಐಸಿಸಿಎಫ್ ಇದೆ. ಅಲ್ಲಿ ತಲೆಯೆತ್ತಿ ಎಂಜಿನ್ ಬಳಸಬಹುದು, ಬಿರುದುಗಳೂ ಸಿಗುತ್ತವೆ. ಆ ಬಾಗಿಲು ತೆರೆದಿರುವಾಗ ಡೈಲಿ ಆಟದಲ್ಲಿ ಕದ್ದು ಎಂಜಿನ್ ನೋಡುವವನಿಗೆ ಯಾವ ನೆಪವೂ ಉಳಿಯುವುದಿಲ್ಲ.

ನಮ್ಮ ಊರುಗಳ ಮಟ್ಟಿಗೆ ಈ ಮಾತು ಹೋಗಿ ತಲುಪಬೇಕಾದ್ದು ಮಕ್ಕಳಿಗೆ. ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಚೆಸ್ ಕಲಿಯುವ ಮಗುವಿಗೆ ಎಂಜಿನ್ ಗೊತ್ತಿರುವುದು ತರಬೇತಿಯ ಸಾಧನವಾಗಿ. ಗುರುಗಳೇ ಅದನ್ನು ತೆರೆದು ‘ಇಲ್ಲಿ ನೀನು ತಪ್ಪಿದೆ’ ಎಂದು ತೋರಿಸುತ್ತಾರೆ, ತೋರಿಸಲೇಬೇಕು. ಅದೇ ಮಗು ಮನೆಗೆ ಬಂದು ಡೈಲಿ ಆಟ ತೆರೆದಾಗ ಅದೇ ಸಾಧನ ನಿಷಿದ್ಧವಾಗುತ್ತದೆ ಎಂದು ಎಷ್ಟು ಕಡೆ ಹೇಳಿಕೊಡುತ್ತಾರೆ? ಪುಸ್ತಕ ನೋಡಬಹುದು, ಅಪ್ಪನನ್ನು ಕೇಳಬಾರದು ಎಂಬ ವ್ಯತ್ಯಾಸ ಹತ್ತು ವರ್ಷದ ಮಗುವಿಗೆ ತಾನಾಗಿ ಹೊಳೆಯುವುದಿಲ್ಲ. ಪಕ್ಕದಲ್ಲಿ ಕೂತು ‘ಆ ಒಂಟೆ ನೋಡು’ ಎಂದು ಪಿಸುಗುಡುವ ಪೋಷಕರಿಗೂ ತಾವು ನಿಯಮ ಮುರಿಯುತ್ತಿದ್ದೇವೆ ಎಂಬ ಅರಿವು ಇರುವುದಿಲ್ಲ.

ಶಾಲೆಗಳು ಮತ್ತು ಅಕಾಡೆಮಿಗಳು ನಡೆಸುವ ಆನ್‌ಲೈನ್ ಲೀಗ್‌ಗಳು ಮೊದಲ ಸುತ್ತಿಗೆ ಮುನ್ನ ಕನ್ನಡದಲ್ಲಿ ಒಂದು ಪುಟದ ನಿಯಮಪತ್ರ ಕೊಡಬೇಕು. ಅದರಲ್ಲಿ ಏನು ನೋಡಬಹುದು, ಏನು ನೋಡಬಾರದು, ಯಾರನ್ನು ಕೇಳಬಾರದು ಎಂಬುದು ಉದಾಹರಣೆ ಸಮೇತ ಇರಬೇಕು. ಆಡುತ್ತಿರುವ ಆಟವನ್ನು ಮುಗಿಯುವ ತನಕ ಯಾವ ಎಂಜಿನ್‌ಗೂ ಹಾಕುವುದಿಲ್ಲ ಎಂದು ಮಗುವೂ ಪೋಷಕರೂ ಸಹಿ ಹಾಕಬೇಕು. ಮಗು ಮೊದಲ ಬಾರಿ ತಪ್ಪಿದರೆ ಹೆಸರು ಬಯಲು ಮಾಡದೆ ಕರೆದು ಮಾತಾಡಿ, ಆ ಆಟವನ್ನಷ್ಟೇ ರದ್ದು ಮಾಡಬೇಕು. ದೊಡ್ಡವರಿಗೆ ಈ ರಿಯಾಯಿತಿ ಬೇಡ. ಆಟ ಮುಗಿದ ದಿನ ಮಾತ್ರ ಇಬ್ಬರೂ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಮೊದಲು ಅವರವರ ಟಿಪ್ಪಣಿ ಓದಿಸಿ, ಆಮೇಲೆ ಎಂಜಿನ್ ತೆರೆದು, ಹದಿನೆಂಟನೇ ನಡೆಯಲ್ಲಿ ಇಬ್ಬರಿಗೂ ಕಾಣದೆ ಹೋದದ್ದು ಏನೆಂದು ಹುಡುಕಲು ಬಿಡಬೇಕು.